ಫ್ಯಾಂಟಸಿ ಬೇಸ್‌ಬಾಲ್‌ನಲ್ಲಿ ಸ್ಥಾನಾರ್ಹತೆ: ಲೆಕ್ಕ ಇಡುವ ಬಗೆ, ಬಳಸಿಕೊಳ್ಳುವ ಬಗೆ

2023ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸೆಂಚೂರಿಯನ್‌ನಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ನಮ್ಮ ಕೆ.ಎಲ್. ರಾಹುಲ್ ವಿಕೆಟ್ ಕೀಪಿಂಗ್ ಮಾಡಿದ್ದಲ್ಲದೆ 101 ರನ್‌ಗಳನ್ನೂ ಗಳಿಸಿದರು. ಮರುತಿಂಗಳು ಹೈದರಾಬಾದಿನಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್‌ನಲ್ಲಿ ಗ್ಲೌಸ್ ತೊಟ್ಟವರು ಕೆ.ಎಸ್. ಭರತ್, ರಾಹುಲ್ ಆಡಿದ್ದು ಕೇವಲ ಬ್ಯಾಟರ್ ಆಗಿ. ಹಾಗಾದರೆ ರಾಹುಲ್ ಅವರನ್ನು ಕೀಪರ್ ಎಂದು ಎಣಿಸಬೇಕೋ ಬ್ಯಾಟರ್ ಎಂದು ಎಣಿಸಬೇಕೋ? ಮೈದಾನದಲ್ಲಿ ಇದಕ್ಕೆ ಉತ್ತರವನ್ನು ಆಯಾ ದಿನ ನಾಯಕ ಮತ್ತು ಕೋಚ್ ಕೊಡುತ್ತಾರೆ. ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರ ಮೈದಾನದ ಸಾಧನೆಗೆ ಅಂಕ ಪಡೆಯುವ ಫ್ಯಾಂಟಸಿ ಆಟದಲ್ಲಿ ಆ ಉತ್ತರವನ್ನು ಕೊಡುವುದು ಲೀಗಿನ, ಅಂದರೆ ಅಂಥ ತಂಡಗಳು ಸ್ಪರ್ಧಿಸುವ ಕೂಟದ, ನಿಯಮ. ಆಟಗಾರನೊಬ್ಬನನ್ನು ನಮ್ಮ ತಂಡದ ಯಾವ ಖಾನೆಯಲ್ಲಿ ಕೂರಿಸಲು ಆ ನಿಯಮ ಒಪ್ಪುತ್ತದೆಯೋ ಅದೇ ಅವನ ಸ್ಥಾನಾರ್ಹತೆ.

ಈ ಪ್ರಶ್ನೆ ಅತಿ ಸೂಕ್ಷ್ಮವಾಗಿ ಬೆಳೆದಿರುವುದು ಅಮೆರಿಕದ ಫ್ಯಾಂಟಸಿ ಬೇಸ್‌ಬಾಲ್‌ನಲ್ಲಿ. ಅಲ್ಲಿಗೆ ಕೆಲಸಕ್ಕೆ ಹೋದ ಕನ್ನಡಿಗರನ್ನು ಸಹೋದ್ಯೋಗಿಗಳು ಮಾರ್ಚ್ ತಿಂಗಳಲ್ಲಿ ಕಚೇರಿಯ ಲೀಗಿಗೆ ಕರೆಯುವುದುಂಟು. ಕ್ರಿಕೆಟ್ ಬಲ್ಲವರಿಗೆ ಹೋಮ್‌ರನ್, ಸ್ಟ್ರೈಕ್‌ಔಟ್‌ಗಳನ್ನು ಅರ್ಥಮಾಡಿಕೊಳ್ಳಲು ಒಂದು ವಾರ ಸಾಕು, ಆದರೆ ಹೆಸರಿನ ಪಕ್ಕದಲ್ಲಿ ಬರೆದಿರುವ ಸ್ಥಾನಗಳ ಅರ್ಥ ತಿಳಿಯದೆ ಇಡೀ ಋತುವನ್ನೇ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಅಂಥ ಹೊಸಬರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆದಿದ್ದೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ 2025ರ ಕಾಯ್ದೆ ನಿಷೇಧಿಸಿದೆ. ಇಲ್ಲಿನ ಮಾತೆಲ್ಲ ಉಚಿತ ಲೀಗ್‌ಗಳಿಗೆ ಸಂಬಂಧಿಸಿದ್ದು.

ಖಾನೆಗಳು ಮತ್ತು ಅರ್ಹತೆಯ ಮಿತಿ

ಬೇಸ್‌ಬಾಲ್ ತಂಡವೊಂದರಲ್ಲಿ ಚೆಂಡೆಸೆಯುವ ಪಿಚರ್, ವಿಕೆಟ್ ಕೀಪರ್‌ನಂತೆ ಬ್ಯಾಟರ್‌ನ ಹಿಂದೆ ಕೂರುವ ಕ್ಯಾಚರ್, ಫಸ್ಟ್ ಬೇಸ್, ಸೆಕೆಂಡ್ ಬೇಸ್, ಥರ್ಡ್ ಬೇಸ್, ಸೆಕೆಂಡ್ ಮತ್ತು ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಹಾಗೂ ಮೂವರು ಔಟ್‌ಫೀಲ್ಡರ್‌ಗಳು ಮೈದಾನಕ್ಕೆ ಇಳಿಯುತ್ತಾರೆ. ಇವರಲ್ಲದೆ ಪಿಚರ್‌ನ ಬದಲಿಗೆ ಬ್ಯಾಟಿಂಗ್ ಮಾತ್ರ ಮಾಡುವ, ಫೀಲ್ಡಿಂಗ್‌ಗೆ ಇಳಿಯದ ಡೆಸಿಗ್ನೇಟೆಡ್ ಹಿಟ್ಟರ್ ಒಬ್ಬನಿರುತ್ತಾನೆ. 2022ರಿಂದ ಮೇಜರ್ ಲೀಗಿನ ಎರಡೂ ವಿಭಾಗಗಳಲ್ಲಿ ಈ ವ್ಯವಸ್ಥೆ ಜಾರಿಯಲ್ಲಿದೆ. ಫ್ಯಾಂಟಸಿ ತಂಡದಲ್ಲಿ ಈ ಸ್ಥಾನಗಳೇ ಖಾನೆಗಳಾಗುತ್ತವೆ. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ನ್ಯೂಯಾರ್ಕ್‌ನಲ್ಲಿ ಆರಂಭಿಸಿದ, ಅವರು ಸೇರುತ್ತಿದ್ದ ರೆಸ್ಟೋರೆಂಟಿನ ಹೆಸರಿನಿಂದ ರೊಟಿಸರಿ ಎಂದು ಕರೆಸಿಕೊಂಡ ಪದ್ಧತಿಯಲ್ಲಿ ತಂಡಕ್ಕೆ 23 ಆಟಗಾರರು: 14 ಬ್ಯಾಟರ್‌ಗಳು, 9 ಪಿಚರ್‌ಗಳು. ಆ 14ರಲ್ಲಿ ಇಬ್ಬರು ಕ್ಯಾಚರ್‌ಗಳು, ಐವರು ಔಟ್‌ಫೀಲ್ಡರ್‌ಗಳು, ನಾಲ್ಕು ಇನ್‌ಫೀಲ್ಡ್ ಸ್ಥಾನಗಳಿಗೆ ಒಬ್ಬೊಬ್ಬರು; ಇದಲ್ಲದೆ ಫಸ್ಟ್ ಅಥವಾ ಥರ್ಡ್ ಬೇಸಿನವರಿಗೆ ಒಂದು, ಸೆಕೆಂಡ್ ಬೇಸ್ ಅಥವಾ ಶಾರ್ಟ್‌ಸ್ಟಾಪಿನವರಿಗೆ ಒಂದು, ಯಾವ ಬ್ಯಾಟರ್ ಆದರೂ ಕೂರಬಹುದಾದ ಯುಟಿಲಿಟಿ ಖಾನೆ ಒಂದು. ಇಂದಿನ ಲೀಗ್‌ಗಳು ಈ ಅಚ್ಚನ್ನು ಹಿಗ್ಗಿಸಿವೆ, ಕುಗ್ಗಿಸಿವೆ, ಆದರೆ ಮೂಲ ಕಲ್ಪನೆಯನ್ನು ಬಿಟ್ಟಿಲ್ಲ.

ಒಬ್ಬ ಆಟಗಾರ ಯಾವ ಖಾನೆಗೆ ಸಲ್ಲುತ್ತಾನೆ ಎಂಬುದನ್ನು ತೀರ್ಮಾನಿಸುವುದು ಅವನು ಆ ಸ್ಥಾನದಲ್ಲಿ ಆಡಿದ ಪಂದ್ಯಗಳ ಎಣಿಕೆ. ಹಳೆಯ ರೂಢಿಯಂತೆ ಹಿಂದಿನ ವರ್ಷ 20 ಪಂದ್ಯಗಳಲ್ಲಿ ಒಂದು ಸ್ಥಾನದಲ್ಲಿ ಆಡಿದ್ದರೆ ಈ ವರ್ಷ ಆ ಸ್ಥಾನ ಅವನದು. ಎಲ್ಲಿಯೂ 20 ಮುಟ್ಟದಿದ್ದರೆ ಅತಿ ಹೆಚ್ಚು ಆಡಿದ ಸ್ಥಾನ ಅವನದು. ಋತು ನಡೆಯುತ್ತಿರುವಾಗ ಹೊಸ ಸ್ಥಾನವನ್ನು ಗಳಿಸಲು ಇದಕ್ಕಿಂತ ಕಡಿಮೆ ಪಂದ್ಯಗಳು ಸಾಕು: ಕೆಲವು ಲೀಗ್‌ಗಳಲ್ಲಿ 10, ಕೆಲವು ಕಡೆ 5, ಹಳೆಯ ರೊಟಿಸರಿಯಲ್ಲಿ ಒಂದೇ ಒಂದು. ಯಾಹೂ ಜಾಲತಾಣದ ಫ್ಯಾಂಟಸಿ ಆಟದ ಮಿತಿ ಹೆಚ್ಚು ಉದಾರವಾದುದು. ಅಲ್ಲಿ ಒಂದು ಸ್ಥಾನದಲ್ಲಿ 5 ಪಂದ್ಯಗಳನ್ನು ಆರಂಭಿಸಿದರೆ ಅಥವಾ ಒಟ್ಟು 10 ಪಂದ್ಯಗಳಲ್ಲಿ ಕಾಣಿಸಿಕೊಂಡರೆ ಬ್ಯಾಟರ್‌ಗೆ ಆ ಸ್ಥಾನ ದೊರೆಯುತ್ತದೆ.

ಈ ಅಂಕಿಗಳ ವ್ಯತ್ಯಾಸವನ್ನು ಸಣ್ಣದೆಂದು ತಳ್ಳಿಹಾಕಬೇಡಿ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಮೂಕಿ ಬೆಟ್ಸ್ ಅವರನ್ನೇ ನೋಡಿ. ಬಲ ಔಟ್‌ಫೀಲ್ಡ್‌ನಲ್ಲಿ ಆರು ಬಾರಿ ಗೋಲ್ಡ್ ಗ್ಲವ್ ಪ್ರಶಸ್ತಿ ಪಡೆದ ಇವರನ್ನು ತಂಡವು 2023ರಲ್ಲಿ 70 ಪಂದ್ಯಗಳಲ್ಲಿ ಸೆಕೆಂಡ್ ಬೇಸಿನಲ್ಲಿಯೂ 16 ಪಂದ್ಯಗಳಲ್ಲಿ ಶಾರ್ಟ್‌ಸ್ಟಾಪಿನಲ್ಲಿಯೂ ಆಡಿಸಿತು. ಹೀಗಾಗಿ 2024ರ ಡ್ರಾಫ್ಟ್ ದಿನ, ಅಂದರೆ ಲೀಗಿನವರೆಲ್ಲ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ದಿನ, 10 ಪಂದ್ಯಗಳ ಮಿತಿಯಿದ್ದ ಲೀಗಿನಲ್ಲಿ ಅವರು ಮೂರು ಸ್ಥಾನಗಳ ಆಟಗಾರ. 20ರ ಮಿತಿಯಿದ್ದ ಲೀಗಿನಲ್ಲಿ ಶಾರ್ಟ್‌ಸ್ಟಾಪ್ ಇಲ್ಲದೆ ಎರಡೇ ಸ್ಥಾನಗಳು. ನನ್ನ ಮೊದಲ ಲೀಗಿನಲ್ಲಿ ನಾನು ಮಾಡಿದ ತಪ್ಪು ಇದೇ ಬಗೆಯದು: ಒಂದು ಜಾಲತಾಣದ ಪಟ್ಟಿಯನ್ನು ಮುದ್ರಿಸಿಕೊಂಡು, ಬೇರೆ ಮಿತಿಯಿದ್ದ ಲೀಗಿನ ಡ್ರಾಫ್ಟಿಗೆ ಕುಳಿತೆ, ಸೆಕೆಂಡ್ ಬೇಸ್‌ಗೆಂದು ಆರಿಸಿದ ಆಟಗಾರ ನಮ್ಮ ಲೀಗಿನಲ್ಲಿ ಔಟ್‌ಫೀಲ್ಡರ್ ಮಾತ್ರ ಎಂದು ತಿಳಿಯುವಷ್ಟರಲ್ಲಿ ಒಳ್ಳೆಯ ಸೆಕೆಂಡ್ ಬೇಸ್‌ಮನ್‌ಗಳೆಲ್ಲ ಮುಗಿದಿದ್ದರು. ಆದ್ದರಿಂದ ಡ್ರಾಫ್ಟಿಗೆ ಕನಿಷ್ಠ ಒಂದು ವಾರ ಮೊದಲು ನಿಮ್ಮ ಲೀಗಿನ ಸೆಟ್ಟಿಂಗ್ಸ್ ಪುಟವನ್ನು ತೆರೆದು ಮೂರು ಅಂಕಿಗಳನ್ನು ಬರೆದುಕೊಳ್ಳಿ: ಹಿಂದಿನ ವರ್ಷದ ಮಿತಿ, ಈ ವರ್ಷದ ಮಿತಿ, ಪಿಚರ್‌ಗಳ ಮಿತಿ. ಲೀಗನ್ನು ನಡೆಸುವ ಕಮಿಷನರ್ ಇವನ್ನು ಬದಲಿಸಿರುವ ಸಾಧ್ಯತೆಯಿರುವುದರಿಂದ ವೇದಿಕೆಯ ಸಾಮಾನ್ಯ ನಿಯಮವನ್ನು ಮಾತ್ರ ಓದಿ ಸುಮ್ಮನಾಗಬಾರದು.

ಎಣಿಕೆಗೆ ಬರುವುದು, ಬಾರದಿರುವುದು

ಮೇಜರ್ ಲೀಗಿನ 162 ಪಂದ್ಯಗಳ ನಿಯಮಿತ ಋತುವಿನಲ್ಲಿ ಮೈದಾನದ ಆ ಸ್ಥಾನದಲ್ಲಿ ನಿಂತಿದ್ದರೆ ಮಾತ್ರ ಸಾಮಾನ್ಯವಾಗಿ ಎಣಿಕೆಗೆ ಬರುತ್ತದೆ. ಒಂಬತ್ತನೇ ಇನ್ನಿಂಗ್ಸಿನಲ್ಲಿ ಬದಲಿಯಾಗಿ ಬಂದು ಒಂದೇ ಇನ್ನಿಂಗ್ಸ್ ಆಡಿದರೂ ಅದು ಒಂದು ಪಂದ್ಯವೇ. ಆದರೆ ಬ್ಯಾಟಿಂಗ್‌ಗೆ ಮಾತ್ರ ಬದಲಿಯಾಗಿ ಬಂದು ಹೋದವನಿಗೆ ಯಾವ ಫೀಲ್ಡಿಂಗ್ ಸ್ಥಾನವೂ ಸಲ್ಲುವುದಿಲ್ಲ. ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ನಡೆಯುವ ಸ್ಪ್ರಿಂಗ್ ಟ್ರೇನಿಂಗ್ ಪಂದ್ಯಗಳೂ ಅಕ್ಟೋಬರಿನ ಪ್ಲೇಆಫ್ ಪಂದ್ಯಗಳೂ ಲೆಕ್ಕದ ಹೊರಗೆ. ಆದರೂ ಸ್ಪ್ರಿಂಗ್ ಟ್ರೇನಿಂಗ್ ಸುದ್ದಿಯನ್ನು ಓದಲೇಬೇಕು, ಏಕೆಂದರೆ ಏಪ್ರಿಲ್‌ನಲ್ಲಿ ಯಾರು ಯಾವ ಹೊಸ ಸ್ಥಾನಕ್ಕೆ ಇಳಿಯಲಿದ್ದಾರೆ ಎಂಬ ಸುಳಿವು ಅಲ್ಲಿಯೇ ಸಿಗುತ್ತದೆ. ಎಡ, ಮಧ್ಯ, ಬಲ ಔಟ್‌ಫೀಲ್ಡ್‌ಗಳನ್ನು ಬಹುತೇಕ ಲೀಗ್‌ಗಳು ಒಂದೇ ಸ್ಥಾನವೆಂದು ಎಣಿಸುತ್ತವೆ. ಬೇರೆ ಬೇರೆಯಾಗಿ ಎಣಿಸುವ ಲೀಗಿನಲ್ಲಿದ್ದರೆ ಮಧ್ಯದವರ ಬೆಲೆ ಏರುತ್ತದೆ.

ಈ ಲೆಕ್ಕವನ್ನು ನೀವೇ ಪರಿಶೀಲಿಸಬಹುದು. ಬೇಸ್‌ಬಾಲ್ ರೆಫರೆನ್ಸ್ ತಾಣದಲ್ಲಿ ಪ್ರತಿ ಆಟಗಾರನ ಪುಟದಲ್ಲಿಯೂ ಯಾವ ವರ್ಷ ಯಾವ ಸ್ಥಾನದಲ್ಲಿ ಎಷ್ಟು ಪಂದ್ಯ ಎಂಬ ಪಟ್ಟಿಯಿದೆ. ನೀವು ಆಯ್ಕೆ ಮಾಡಬೇಕೆಂದಿರುವ ಮೊದಲ 40 ಹೆಸರುಗಳನ್ನಾದರೂ ಆ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ಸಂಜೆಯೊಂದು ಸಾಕಾಗುವ ಕೆಲಸ ಇದು.

ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ಸಂಗತಿ ಬೇರೊಂದಿದೆ. ಸ್ಥಾನ ದೊರೆಯುವುದು ಋತುವಿನ ನಡುವೆ, ಕೈತಪ್ಪುವುದು ವರ್ಷ ತಿರುಗಿದ ಮೇಲೆ ಮಾತ್ರ. ಏಪ್ರಿಲ್‌ನಲ್ಲಿ ಕ್ಯಾಚರ್ ಎಂದು ನಮೂದಾದವನು ಮುಂದೆ ಒಂದು ದಿನವೂ ಕ್ಯಾಚರ್ ಆಗಿ ಕೂರದಿದ್ದರೂ ಸೆಪ್ಟೆಂಬರ್ ಕೊನೆಯವರೆಗೆ ನಿಮ್ಮ ಕ್ಯಾಚರ್ ಖಾನೆಗೆ ಅರ್ಹನೇ. ಡಾಲ್ಟನ್ ವಾರ್ಶೋ ಇದಕ್ಕೆ ನನಗೆ ತಿಳಿದ ಅತ್ಯುತ್ತಮ ನಿದರ್ಶನ. 2022ರಲ್ಲಿ ಅರಿಜೋನಾ ತಂಡದ ಪರ ಹೆಚ್ಚಾಗಿ ಔಟ್‌ಫೀಲ್ಡ್‌ನಲ್ಲಿಯೇ ಆಡಿದ ಅವರು 31 ಪಂದ್ಯಗಳಲ್ಲಿ ಕ್ಯಾಚರ್ ಆಗಿದ್ದರು, 27 ಹೋಮ್‌ರನ್ ಹೊಡೆದರು. ಆ ವರ್ಷದ ಡಿಸೆಂಬರ್‌ನಲ್ಲಿ ಟೊರಾಂಟೊಗೆ ಸೇರಿದ ಮೇಲೆ ಅವರು ಪೂರ್ಣಾವಧಿ ಔಟ್‌ಫೀಲ್ಡರ್ ಆದರು. ನಿಜವಾದ ಕ್ಯಾಚರ್‌ಗಳು ಮೊಣಕಾಲಿನ ದಣಿವಿನಿಂದಾಗಿ ವಾರದಲ್ಲಿ ಒಂದೆರಡು ದಿನ ವಿಶ್ರಾಂತಿ ಪಡೆಯುತ್ತಾರೆ. ದಿನವೂ ಆಡುವ ಔಟ್‌ಫೀಲ್ಡರ್ ಕ್ಯಾಚರ್ ಖಾನೆಯಲ್ಲಿ ಕುಳಿತರೆ ವರ್ಷಕ್ಕೆ ಹಲವು ಪಂದ್ಯಗಳ ಲಾಭ. 2023ರಲ್ಲಿ ವಾರ್ಶೋ ಅವರನ್ನು ಮುಂಚಿತವಾಗಿ ಆರಿಸಿದವರು ನೆಚ್ಚಿದ್ದು ಇದನ್ನೇ. 2024ಕ್ಕೆ ಅವರ ಹೆಸರಿನ ಮುಂದೆ ಔಟ್‌ಫೀಲ್ಡ್ ಮಾತ್ರ ಉಳಿಯಿತು, ಮತ್ತು ಫ್ಯಾಂಟಸಿ ಆಟದಲ್ಲಿ ಅವರ ಬೆಲೆ ಬಿದ್ದುಹೋಯಿತು.

ಸ್ಥಾನಕ್ಕೆ ಬೆಲೆ ಕಟ್ಟುವುದು

ಒಂದು ಸ್ಥಾನದ ಬೆಲೆ ಆ ಸ್ಥಾನದಲ್ಲಿ ಕೊನೆಗೆ ಉಳಿಯುವ ಆಟಗಾರ ಎಷ್ಟು ದುರ್ಬಲ ಎಂಬುದರ ಮೇಲೆ ನಿಂತಿದೆ. ಉದಾಹರಣೆಗೆಂದು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಹನ್ನೆರಡು ತಂಡಗಳ ಲೀಗಿನಲ್ಲಿ ಯಾರೂ ಆರಿಸದೆ ಬಿಟ್ಟ ಅತ್ಯುತ್ತಮ ಔಟ್‌ಫೀಲ್ಡರ್‌ನಿಂದ ವರ್ಷಕ್ಕೆ 330 ಅಂಕಗಳನ್ನೂ ಅದೇ ರೀತಿ ಉಳಿದ ಕ್ಯಾಚರ್‌ನಿಂದ 200 ಅಂಕಗಳನ್ನೂ ನಿರೀಕ್ಷಿಸಬಹುದು ಎಂದುಕೊಳ್ಳಿ. 380 ಅಂಕ ತರುವ ಆಟಗಾರನೊಬ್ಬ ಔಟ್‌ಫೀಲ್ಡ್ ಖಾನೆಯಲ್ಲಿ ಕುಳಿತರೆ ನಿಮಗೆ 50 ಅಂಕಗಳ ಮುನ್ನಡೆ. ಅವನೇ ಕ್ಯಾಚರ್ ಖಾನೆಗೂ ಅರ್ಹನಾಗಿದ್ದರೆ 180. ಬ್ಯಾಟ್ ಅದೇ, ಮನುಷ್ಯನೂ ಅವನೇ; ಖಾನೆ ಬದಲಾದುದರಿಂದ ಬೆಲೆ ಮೂರು ಪಟ್ಟು ಮೀರಿತು. ಪ್ರತಿ ಸ್ಥಾನಕ್ಕೂ ಹೀಗೆ ಉಳಿಕೆಯ ಮಟ್ಟವನ್ನು ಗುರುತಿಸಿಕೊಂಡು, ಬಹುಸ್ಥಾನದ ಆಟಗಾರನನ್ನು ಅವುಗಳಲ್ಲಿ ಅತ್ಯಂತ ಬಡವಾದ ಸ್ಥಾನದ ಲೆಕ್ಕದಲ್ಲಿ ತೂಗಿ ನೋಡಿ.

ಇದರಿಂದ ಇನ್ನೊಂದು ತೀರ್ಮಾನವೂ ಹೊರಡುತ್ತದೆ: ಎಲ್ಲ ಬಹುಸ್ಥಾನಗಳಿಗೂ ಒಂದೇ ಬೆಲೆಯಿಲ್ಲ. ಶಾರ್ಟ್‌ಸ್ಟಾಪ್ ಆಗಿಯೇ ಬೆಲೆಬಾಳುವವನಿಗೆ ಔಟ್‌ಫೀಲ್ಡ್ ಅರ್ಹತೆ ಸೇರಿದರೆ ಅವನ ಅಂಕಗಳು ಹೆಚ್ಚಾಗುವುದಿಲ್ಲ, ತಂಡವನ್ನು ಜೋಡಿಸುವಾಗ ನಿಮಗೆ ಅನುಕೂಲವಾಗುತ್ತದೆ ಅಷ್ಟೆ. ಆ ಅನುಕೂಲಕ್ಕೆ ಬೆಲೆಯಿದೆ, ಆದರೆ ಅದಕ್ಕಾಗಿ ಎರಡು ಸುತ್ತು ಮೊದಲೇ ಆಯ್ಕೆ ಮಾಡುವುದು ದುಬಾರಿ. ಸಮಬಲದ ಇಬ್ಬರ ನಡುವೆ ಆರಿಸಬೇಕಾದಾಗ ಬಹುಸ್ಥಾನದವನನ್ನು ತೆಗೆದುಕೊಳ್ಳಿ. ಸ್ಪಷ್ಟವಾಗಿ ಉತ್ತಮನಾದವನನ್ನು ಬಿಟ್ಟು ಬಹುಸ್ಥಾನದವನ ಹಿಂದೆ ಹೋಗಬೇಡಿ. ಡ್ರಾಫ್ಟಿನ ಕೊನೆಯ ಸುತ್ತುಗಳಲ್ಲಿ, ಬೆಂಚಿನ ಆಟಗಾರರನ್ನು ತುಂಬಿಕೊಳ್ಳುವಾಗ, ಈ ಸಲಹೆಯನ್ನು ತಿರುಗಿಸಬೇಕು: ಅಲ್ಲಿ ಮೂರು ಸ್ಥಾನಗಳ ಸಾಧಾರಣ ಆಟಗಾರನೊಬ್ಬ ಬೆಂಚಿನ ಮೂವರ ಕೆಲಸ ಮಾಡುತ್ತಾನೆ.

ಸ್ಥಾನವೇ ಇಲ್ಲದವರ ಸಮಸ್ಯೆ ಇದಕ್ಕೆ ವಿರುದ್ಧವಾದುದು. ಶೋಹೇ ಒಟಾನಿ 2023ರ ಸೆಪ್ಟೆಂಬರ್‌ನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದುದರಿಂದ 2024ರಲ್ಲಿ ಪಿಚಿಂಗ್ ಮಾಡದೆ ಡೆಸಿಗ್ನೇಟೆಡ್ ಹಿಟ್ಟರ್ ಆಗಿ ಮಾತ್ರ ಆಡಿ 54 ಹೋಮ್‌ರನ್ ಹೊಡೆದರು, 59 ಬೇಸ್‌ಗಳನ್ನು ಕದ್ದರು. ಬ್ಯಾಟರ್ ಆಗಿ ಅವರನ್ನು ಕೂರಿಸಲು ಯುಟಿಲಿಟಿ ಖಾನೆಯೊಂದೇ ದಾರಿ. ಅದೇ ವರ್ಷ 39 ಹೋಮ್‌ರನ್ ಹೊಡೆದ ಅಟ್ಲಾಂಟಾದ ಮಾರ್ಸೆಲ್ ಒಜೂನಾ ಅವರದೂ ಇದೇ ಸ್ಥಿತಿ. ಯುಟಿಲಿಟಿ ಖಾನೆ ಒಂದೇ ಇರುವ ಲೀಗಿನಲ್ಲಿ 2025ಕ್ಕೆ ಇವರಿಬ್ಬರನ್ನೂ ಆರಿಸಿದವರು ಪ್ರತಿದಿನ ಒಬ್ಬರನ್ನು ಬೆಂಚಿನಲ್ಲಿ ಕೂರಿಸಬೇಕಾಗಿತ್ತು. ಒಟಾನಿಯಂಥವರಿಗಾಗಿ ಆ ಖಾನೆಯನ್ನು ತುಂಬುವುದು ತಪ್ಪಲ್ಲ, ಆದರೆ ತುಂಬಿದ ಮೇಲೆ ನಿಮ್ಮ ತಂಡದಲ್ಲಿ ಸಡಿಲವಾದ ಜಾಗವೇ ಉಳಿದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಮುಂದಿನ ಆಯ್ಕೆಗಳಲ್ಲಿ ಬಹುಸ್ಥಾನದವರಿಗೆ ಸ್ವಲ್ಪ ಹೆಚ್ಚು ಒಲವು ತೋರಬೇಕು. ಒಟಾನಿ ವಿಷಯದಲ್ಲಿ ಇನ್ನೊಂದನ್ನೂ ಕೇಳಿ ತಿಳಿದುಕೊಳ್ಳಿ: ಯಾಹೂ ಅವರನ್ನು ಬ್ಯಾಟರ್ ಮತ್ತು ಪಿಚರ್ ಎಂದು ಇಬ್ಬರಾಗಿ ಒಡೆದು ಪಟ್ಟಿ ಮಾಡುತ್ತದೆ, ಒಬ್ಬನೇ ಆಟಗಾರನೆಂದು ಇರಿಸಿ, ಯಾವ ಕೆಲಸಕ್ಕೆ ಅಂಕ ಬೇಕೆಂಬುದನ್ನು ನಿಮ್ಮ ಆಯ್ಕೆಗೆ ಬಿಡುವ ಲೀಗ್‌ಗಳೂ ಇವೆ.

ಪಿಚರ್‌ಗಳಲ್ಲಿ ಆರಂಭಿಕರು ಮತ್ತು ನಂತರ ಬರುವ ರಿಲೀವರ್‌ಗಳು ಎಂಬ ಎರಡು ಗುಂಪುಗಳಿವೆ. ಯಾಹೂವಿನಲ್ಲಿ 3 ಪಂದ್ಯಗಳನ್ನು ಆರಂಭಿಸಿದರೆ ಮೊದಲನೆಯ ಗುರುತು, 5 ಬಾರಿ ರಿಲೀವರ್ ಆಗಿ ಬಂದರೆ ಎರಡನೆಯದು. ಹಿಂದಿನ ವರ್ಷ ರಿಲೀವರ್ ಆಗಿದ್ದು ಈ ವರ್ಷ ಆರಂಭಿಕನಾಗಿ ಬಡ್ತಿ ಪಡೆದವನು, ರಿಲೀವರ್ ಖಾನೆಯಲ್ಲಿ ಕುಳಿತು ಆರಂಭಿಕನ ಅಂಕಗಳನ್ನು ತರುತ್ತಾನೆ. ಶಿಕಾಗೊ ವೈಟ್ ಸಾಕ್ಸ್‌ನ ಗ್ಯಾರೆಟ್ ಕ್ರೋಶೆ 2023ರಲ್ಲಿ ರಿಲೀವರ್. 2024ರಲ್ಲಿ 32 ಪಂದ್ಯಗಳನ್ನು ಆರಂಭಿಸಿ 209 ಸ್ಟ್ರೈಕ್‌ಔಟ್ ಪಡೆದರು. ಇನ್ನಿಂಗ್ಸ್‌ಗಳಿಗೂ ಸ್ಟ್ರೈಕ್‌ಔಟ್‌ಗಳಿಗೂ ಅಂಕ ಕೊಡುವ ಲೀಗಿನಲ್ಲಿ ಅಂಥ ಒಬ್ಬ ಪಿಚರ್ ಎಷ್ಟು ಉಪಯುಕ್ತ ಎಂಬುದನ್ನು ನೀವೇ ಊಹಿಸಬಹುದು. ಮಾರ್ಚ್‌ನಲ್ಲಿ ತಂಡಗಳು ತಮ್ಮ ಐವರು ಆರಂಭಿಕರನ್ನು ಪ್ರಕಟಿಸುವಾಗ ಆ ಪಟ್ಟಿಯಲ್ಲಿ ಹಿಂದಿನ ವರ್ಷದ ರಿಲೀವರ್‌ಗಳನ್ನು ಹುಡುಕುವುದು ನನ್ನ ಪ್ರತಿ ವರ್ಷದ ಮೊದಲ ಕೆಲಸ.

ದಿನನಿತ್ಯದ ಜೋಡಣೆ

ತಂಡವನ್ನು ಜೋಡಿಸುವಾಗ ಒಂದೇ ಖಾನೆಗೆ ಸಲ್ಲುವವರನ್ನು ಮೊದಲು ಕೂರಿಸಿ, ಎರಡು ಖಾನೆಗಳವರನ್ನು ನಂತರ, ಮೂರು ಖಾನೆಗಳವರನ್ನು ಕೊನೆಗೆ. ಶಾರ್ಟ್‌ಸ್ಟಾಪ್ ಮಾತ್ರ ಆಡಬಲ್ಲವನು ಬೆಂಚಿನಲ್ಲಿರುವಾಗ ಶಾರ್ಟ್‌ಸ್ಟಾಪ್ ಮತ್ತು ಔಟ್‌ಫೀಲ್ಡ್ ಎರಡಕ್ಕೂ ಸಲ್ಲುವವನನ್ನು ಶಾರ್ಟ್‌ಸ್ಟಾಪ್ ಖಾನೆಯಲ್ಲಿ ಕೂರಿಸಿ, ಔಟ್‌ಫೀಲ್ಡ್ ಖಾಲಿ ಬಿಟ್ಟವರ ತಂಡಗಳನ್ನು ಪ್ರತಿ ವರ್ಷ ನೋಡುತ್ತೇನೆ. ಯಾರಾದರೂ ಗಾಯಗೊಂಡಾಗಲೂ ನೇರವಾಗಿ ಅದೇ ಸ್ಥಾನದ ಬದಲಿಯನ್ನು ಹುಡುಕಲು ಹೊರಡಬೇಡಿ. ಥರ್ಡ್ ಬೇಸಿನವನು ಗಾಯಾಳುಗಳ ಪಟ್ಟಿಗೆ ಹೋದರೆ, ಸೆಕೆಂಡ್ ಬೇಸಿನಲ್ಲಿ ಕುಳಿತಿರುವ ನಿಮ್ಮ ಬಹುಸ್ಥಾನದ ಆಟಗಾರ ಥರ್ಡ್ ಬೇಸಿಗೆ ಸರಿಯಬಲ್ಲನೆ, ಯುಟಿಲಿಟಿಯಲ್ಲಿರುವವನು ಸೆಕೆಂಡ್ ಬೇಸಿಗೆ ಬರಬಲ್ಲನೆ ಎಂದು ಸರಪಳಿಯನ್ನು ಹಿಂಬಾಲಿಸಿ. ಕೊನೆಯಲ್ಲಿ ಯುಟಿಲಿಟಿ ಖಾನೆ ಖಾಲಿಯಾದರೆ, ಯಾವ ತಂಡಕ್ಕೂ ಸೇರದವರ ವೇವರ್ ಪಟ್ಟಿಯಲ್ಲಿರುವ ಅತ್ಯುತ್ತಮ ಬ್ಯಾಟರ್ ಯಾವ ಸ್ಥಾನದವನಾದರೂ ನಿಮಗೆ ಸಲ್ಲುತ್ತಾನೆ.

ದಿನವೂ ತಂಡ ಬದಲಿಸಲು ಅವಕಾಶವಿರುವ ಲೀಗಿನಲ್ಲಿ ಸೋಮವಾರ ಮತ್ತು ಗುರುವಾರಗಳನ್ನು ಗಮನಿಸಿ. ಮೇಜರ್ ಲೀಗಿನ ತಂಡಗಳಿಗೆ ಬಿಡುವು ಸಿಗುವುದು ಹೆಚ್ಚಾಗಿ ಆ ದಿನಗಳಲ್ಲಿ, ಮತ್ತು ಬೆಂಚಿನ ಬಹುಸ್ಥಾನದವನು ಖಾಲಿ ಖಾನೆಗಳನ್ನು ತುಂಬುವುದೂ ಆಗಲೇ. ವಾರಕ್ಕೊಮ್ಮೆ ಮಾತ್ರ ಬದಲಾವಣೆಗೆ ಅವಕಾಶವಿದ್ದರೆ ಈ ಲಾಭ ಬಹಳಮಟ್ಟಿಗೆ ಇಲ್ಲವಾಗುತ್ತದೆ, ಆದ್ದರಿಂದ ಅಲ್ಲಿ ಬಹುಸ್ಥಾನಕ್ಕೆ ಹೆಚ್ಚು ಬೆಲೆ ತೆರಬಾರದು.

ಋತು ನಡೆಯುತ್ತಿರುವಾಗ ಮಿತಿಯ ಹತ್ತಿರ ಬಂದಿರುವವರ ಒಂದು ಪುಟ್ಟ ಪಟ್ಟಿಯನ್ನು ಇಟ್ಟುಕೊಳ್ಳಿ. ತಂಡವೊಂದರ ಸೆಕೆಂಡ್ ಬೇಸ್‌ಮನ್ ಗಾಯಗೊಂಡು, ಬೇರೆ ಸ್ಥಾನದವನೊಬ್ಬ ಆ ಜಾಗಕ್ಕೆ ಸರಿದ ಸುದ್ದಿ ಬಂದ ದಿನದಿಂದ ಎಣಿಸಲು ಆರಂಭಿಸಿದರೆ, ಅವನು ಹತ್ತನೇ ಪಂದ್ಯ ಮುಟ್ಟುವ ಎರಡು ದಿನ ಮೊದಲೇ ನೀವು ಅವನನ್ನು ಸೇರಿಸಿಕೊಳ್ಳಬಹುದು. ಗುರುತು ಬದಲಾದ ಮೇಲೆ ಎಲ್ಲರೂ ಅವನನ್ನು ಕಾಣುತ್ತಾರೆ.

ಬೇರೆ ಆಟಗಳಿಗೆ ಇದೇ ಪದ್ಧತಿಯನ್ನು ಹೊತ್ತೊಯ್ಯುವ ಮುನ್ನ ಎಚ್ಚರ ಬೇಕು. ಇಂಗ್ಲೆಂಡಿನ ಫ್ಯಾಂಟಸಿ ಪ್ರೀಮಿಯರ್ ಲೀಗಿನಲ್ಲಿ ಪ್ರತಿ ಆಟಗಾರನಿಗೆ ಒಂದೇ ಗುರುತು, ಅದು ಋತುವಿನುದ್ದಕ್ಕೂ ಬದಲಾಗುವುದಿಲ್ಲ, ಮತ್ತು ಆ ಗುರುತೇ ಅಂಕಗಳನ್ನೂ ನಿರ್ಧರಿಸುತ್ತದೆ: ಗೋಲಿಗೆ ಡಿಫೆಂಡರ್‌ಗೆ 6, ಮಿಡ್‌ಫೀಲ್ಡರ್‌ಗೆ 5, ಫಾರ್ವರ್ಡ್‌ಗೆ 4. 2019-20ರಲ್ಲಿ ಶೆಫೀಲ್ಡ್ ಯುನೈಟೆಡ್‌ನ ಜಾನ್ ಲುಂಡ್‌ಸ್ಟ್ರಾಮ್ ಮಿಡ್‌ಫೀಲ್ಡ್‌ನಲ್ಲಿ ಆಡುತ್ತಿದ್ದರೂ ಪಟ್ಟಿಯಲ್ಲಿ ಅತಿ ಅಗ್ಗದ ಡಿಫೆಂಡರ್ ಎಂದೇ ಇದ್ದುದರಿಂದ ಲಕ್ಷಾಂತರ ತಂಡಗಳು ಅವರನ್ನು ಸೇರಿಸಿಕೊಂಡವು. ಮರುವರ್ಷ ಅವರನ್ನು ಮಿಡ್‌ಫೀಲ್ಡರ್ ಎಂದು ತಿದ್ದಲಾಯಿತು. ಅಲ್ಲಿ ಪಂದ್ಯಗಳನ್ನು ಎಣಿಸುವ ಕೆಲಸವಿಲ್ಲ. ಜುಲೈನಲ್ಲಿ ಪಟ್ಟಿ ಪ್ರಕಟವಾದಾಗ ಯಾರ ಗುರುತು ಅವರ ನಿಜವಾದ ಆಟಕ್ಕೆ ಹೊಂದುತ್ತಿಲ್ಲ ಎಂಬುದನ್ನು ಹುಡುಕಿದರೆ ಸಾಕು.

ಬೇಸ್‌ಬಾಲ್‌ಗೆ ಮರಳಿ, ಕೀಪರ್ ಲೀಗಿನವರಿಗೆ, ಅಂದರೆ ಕೆಲವು ಆಟಗಾರರನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳುವವರಿಗೆ, ಒಂದು ಕೆಲಸ ಬಾಕಿಯಿದೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ನಿಮ್ಮ ತಂಡದ ಪ್ರತಿಯೊಬ್ಬರ ಸ್ಥಾನವಾರು ಪಂದ್ಯಗಳನ್ನು ಬರೆದು, ಯಾರು ಯಾವ ಸ್ಥಾನವನ್ನು ಕಳೆದುಕೊಳ್ಳಲಿದ್ದಾರೆ ಎಂಬುದನ್ನು ಗುರುತಿಸಿ. ಬೆಟ್ಸ್ 2024ರಲ್ಲಿ ಶಾರ್ಟ್‌ಸ್ಟಾಪ್ ಆಗಿ ಆರಂಭಿಸಿ, ಜೂನ್‌ನಲ್ಲಿ ಎಡಗೈ ಮೂಳೆ ಮುರಿದುಕೊಂಡು, ಆಗಸ್ಟ್‌ನಲ್ಲಿ ಬಲ ಔಟ್‌ಫೀಲ್ಡ್‌ಗೆ ಮರಳಿದ್ದರಿಂದ 2025ಕ್ಕೂ ಎರಡೂ ಗುರುತುಗಳು ಉಳಿದವು. 2025ರಲ್ಲಿ ಅವರು ಪೂರ್ಣಾವಧಿ ಶಾರ್ಟ್‌ಸ್ಟಾಪ್ ಆದುದರಿಂದ 2026ಕ್ಕೆ ಔಟ್‌ಫೀಲ್ಡ್ ಹೋಯಿತು. ಇಂಥ ಬದಲಾವಣೆ ನಿಮ್ಮ ತಂಡದಲ್ಲಿ ಕಂಡರೆ, ಲೀಗಿನ ಟ್ರೇಡ್ (ತಂಡಗಳ ನಡುವೆ ಆಟಗಾರರ ವಿನಿಮಯ) ಗಡುವು ಇನ್ನೂ ಮುಗಿದಿಲ್ಲವಾದರೆ ಆಗಲೇ, ಮುಗಿದಿದ್ದರೆ ಚಳಿಗಾಲದಲ್ಲಿ ಟ್ರೇಡ್ ಮತ್ತೆ ತೆರೆದ ಮೊದಲ ದಿನವೇ ಮಾತುಕತೆ ಆರಂಭಿಸಿ. ಹೊಸ ವರ್ಷದ ಪಟ್ಟಿ ಪ್ರಕಟವಾಗುವವರೆಗೂ ಆಟಗಾರನ ಹೆಸರಿನ ಪಕ್ಕದಲ್ಲಿ ಹಳೆಯ ಗುರುತುಗಳೇ ಇರುತ್ತವೆ.